ಹಾರುವ ಯಂತ್ರ, ನಿಲ್ಲುವ ಚಿತ್ರ

ಫೋಟೋದ ಮಾತು ಬಂದಾಗ ಕನ್ನಡದಲ್ಲಿ ನಾವು ಮೂರು ಕ್ರಿಯಾಪದಗಳನ್ನು ಬಳಸುತ್ತೇವೆ. ಮನೆಯಲ್ಲಿ ಫೋಟೋ ತೆಗೆಯುತ್ತೇವೆ. ಗೆಳೆಯರ ನಡುವೆ ಫೋಟೋ ಹೊಡೆಯುತ್ತೇವೆ. ಬರೆಯಲು ಕುಳಿತಾಗ ಮಾತ್ರ ದೃಶ್ಯವನ್ನು ಸೆರೆಹಿಡಿಯುತ್ತೇವೆ. ಬಾವಿಯಿಂದ ನೀರು ತೆಗೆದ ಹಾಗೆ ವಸ್ತುವಿನಿಂದ ಅದರ ರೂಪವನ್ನು ತೆಗೆಯುವುದು ಮೊದಲನೆಯದರ ಅರ್ಥವಿರಬೇಕು. ಎರಡನೆಯದರಲ್ಲಿ ಬೇಟೆಯ ವಾಸನೆಯಿದೆ, ಮೂರನೆಯದರಲ್ಲಿ ಸೆರೆಮನೆಯ ನೆರಳಿದೆ. ಮದುವೆಯ ಮಂಟಪದಲ್ಲಿ ಈ ಭೇದ ಯಾರ ಮನಸ್ಸಿಗೂ ಬರುವುದಿಲ್ಲ. ವಧೂವರರು ನಿಂತಲ್ಲಿ ನಿಂತಿರುತ್ತಾರೆ. ಛಾಯಾಗ್ರಾಹಕ ಗದ್ದ ಎತ್ತಿ ಎಂದರೆ ಎತ್ತುತ್ತಾರೆ, ನಗಿ ಎಂದರೆ ನಗುತ್ತಾರೆ. ಆದರೆ ಗಂಟೆಗೆ 700 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಎದುರಿನಿಂದ ಹಾದುಹೋಗುವ ವಿಮಾನದ ಕಡೆಗೆ ಕ್ಯಾಮರಾ ಎತ್ತಿದವನು, ತಾನು ಅದರಿಂದ ಏನನ್ನು ತೆಗೆದುಕೊಳ್ಳುತ್ತಿದ್ದೇನೆ, ಸೆರೆಯಾದ ಮೇಲೂ ಅದು ವಿಮಾನವಾಗಿಯೇ ಉಳಿದೀತೇ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಹಾರುವುದೇ ಅದರ ಸ್ವಭಾವ; ಚಿತ್ರದ ಸ್ವಭಾವವೋ ನಿಲ್ಲುವುದು. ಇವೆರಡರ ನಡುವಿನ ಜಗಳವನ್ನೇ ಈ ಹೊತ್ತಿನ ಮಾತಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಕಣ್ಣಿನ ವಿಷಯವನ್ನು ಕಿವಿಗೆ ಹೇಳಹೊರಟಿರುವುದರಿಂದ ಕೇಳುಗರು ಸ್ವಲ್ಪ ಕಲ್ಪನೆಯ ಸಾಲ ಕೊಡಬೇಕು.

ಈ ಜಗಳ ನಡೆಯುವ ಅಖಾಡ ನಮ್ಮ ನಾಡಿನಲ್ಲಿ ಒಂದೇ. ಅದು ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ವಾಯುನೆಲೆ. 1996ರಲ್ಲಿ ಅಲ್ಲಿ ಏರೋ ಇಂಡಿಯಾ ಎಂಬ ವೈಮಾನಿಕ ಪ್ರದರ್ಶನ ಆರಂಭವಾಯಿತು. ಎರಡು ವರ್ಷಗಳಿಗೊಮ್ಮೆ ನಡೆಯುತ್ತ ಬಂದ ಅದರ ಹದಿನೈದನೆಯ ಆವೃತ್ತಿ 2025ರ ಫೆಬ್ರುವರಿಯಲ್ಲಿ ಮುಗಿಯಿತು. ಇದು ಬೆಂಗಳೂರಿಗೆ ಬಂದುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಡನೆ 1940ರಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದು ಆ ಊರಿನಲ್ಲೇ. ಇಂದು ಹಿಂದೂಸ್ತಾನ್ ಏರೋನಾಟಿಕ್ಸ್ ಎಂದು ಹೆಸರಾಗಿರುವ ಸಂಸ್ಥೆಯ ಮೂಲ ಅದು. ನಮ್ಮ ಕೊಪ್ಪಳ, ಯಲಬುರ್ಗಿ, ಕುಷ್ಟಗಿ ಸೀಮೆಯ ಆಸಕ್ತರಿಗಂತೂ ದಾರಿ ಸಲೀಸು. ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗಿನ ಜಾವಕ್ಕೆ ಯಲಹಂಕ ಬಂದಿರುತ್ತದೆ.

ಇದನ್ನು ಜಾತ್ರೆ ಎಂದು ಕರೆದರೆ ಅತಿಶಯೋಕ್ತಿಯಾಗದು. ಬೆಂಡು ಬತ್ತಾಸಿನ ಅಂಗಡಿಗಳಿಗೆ ಬದಲಾಗಿ ಅಲ್ಲಿ ಕ್ಷಿಪಣಿಗಳ, ರಡಾರುಗಳ ಮಳಿಗೆಗಳಿರುತ್ತವೆ ಎಂಬುದೊಂದು ವ್ಯತ್ಯಾಸ. ಮೊದಲ ದಿನಗಳು ಕೊಳ್ಳುವವರಿಗೂ ಮಾರುವವರಿಗೂ ಮೀಸಲು. ಜನಸಾಮಾನ್ಯರ ಸರದಿ ಕೊನೆಗೆ. ಟಿಕೆಟು ಪಡೆದವರು ಬೇಲಿಯ ಒಳಗಿನ ಬಯಲಿನಲ್ಲಿ ಕುಳಿತು ನೋಡುತ್ತಾರೆ. ಪಡೆಯದವರು ಬಳ್ಳಾರಿ ರಸ್ತೆಯ ಬದಿಯಲ್ಲಿ, ಸುತ್ತಲಿನ ಮನೆಗಳ ಮಾಳಿಗೆಯ ಮೇಲೆ ನೆರೆಯುತ್ತಾರೆ. ಗವಿಮಠದ ತೇರನ್ನು ನೋಡಿ ಬಲ್ಲವರಿಗೆ ಈ ಜನಸಮುದ್ರ ಹೊಸದಲ್ಲ. ತೇರು ಮಾತ್ರ ನಮ್ಮ ಕಡೆಗೆ ಮೆಲ್ಲಗೆ ಬರುತ್ತದೆ, ಉತ್ತತ್ತಿ ಎಸೆಯುವಷ್ಟು ಹೊತ್ತು ಕಣ್ಣೆದುರಿಗಿರುತ್ತದೆ. ವಿಮಾನ ಅಷ್ಟು ದಯಾಳುವಲ್ಲ.

ಜಾತ್ರೆಯ ಹೋಲಿಕೆ ಇನ್ನೊಂದು ಕಾರಣಕ್ಕೂ ಸಲ್ಲುತ್ತದೆ. ವರ್ಷವೆಲ್ಲ ಮುಚ್ಚಿರುವ ಬಾಗಿಲು ಒಂದು ದಿನ ತೆರೆಯುವುದು ಜಾತ್ರೆಯ ಲಕ್ಷಣ. ಯಲಹಂಕ ಬೇರೆ ದಿನಗಳಲ್ಲಿ ವಾಯುಸೇನೆ ತನ್ನ ಚಾಲಕರಿಗೆ ತರಬೇತಿ ಕೊಡುವ ನೆಲೆ. ಅದರ ಗೋಡೆಯ ಬಳಿ ಕ್ಯಾಮರಾ ಎತ್ತುವಂತಿಲ್ಲ. ನಾಗರಿಕ ವಿಮಾನನಿಲ್ದಾಣಗಳಲ್ಲಿ ಚಿತ್ರ ತೆಗೆಯುವುದಕ್ಕೂ 1937ರ ವಿಮಾನ ನಿಯಮಾವಳಿ ಕಟ್ಟು ಹಾಕಿತ್ತು. ಎರಡು ವರ್ಷ ಅಪರಾಧವೆನಿಸಿದ್ದ ಕೆಲಸ ಕೆಲವೇ ದಿನಗಳ ಮಟ್ಟಿಗೆ ಹಬ್ಬವಾಗುತ್ತದೆ.

ಈ ಹಬ್ಬಕ್ಕೆ ಬರುವ ಛಾಯಾಗ್ರಾಹಕರಲ್ಲಿ ಪತ್ರಿಕೆಯವರೂ ಇರುತ್ತಾರೆ, ವೃತ್ತಿಯವರೂ ಇರುತ್ತಾರೆ. ನನ್ನ ಕುತೂಹಲ ಮೂರನೆಯ ಪಂಗಡದ ಮೇಲೆ. ಇವರು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತ, ರಜೆ ಹಾಕಿ ಬರುವ ಹವ್ಯಾಸಿಗಳು. ಹೆಗಲಲ್ಲಿ ಮೊಳದುದ್ದದ ಮಸೂರದ ಕ್ಯಾಮರಾ, ತಲೆಗೊಂದು ಟೊಪ್ಪಿಗೆ, ಜೇಬಿನಲ್ಲಿ ಚಿಕ್ಕ ಪುಸ್ತಕ. ಆ ಪುಸ್ತಕದಲ್ಲಿ ಅವರು ಪ್ರತಿ ವಿಮಾನದ ಬಾಲದ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ನೋಡುವವರಿಗೆ ಇದು ಹುಚ್ಚೆನಿಸಬಹುದು, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದೂ ಎನಿಸಬಹುದು. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟಾ ವಾಯುನೆಲೆಯಲ್ಲಿ ಇಂಥ ಹವ್ಯಾಸಿಗಳ ಗುಂಪೊಂದನ್ನು ಗೂಢಚರ್ಯೆಯ ಆರೋಪದ ಮೇಲೆ ಬಂಧಿಸಲಾಯಿತು. ಹನ್ನೆರಡು ಮಂದಿ ಬ್ರಿಟಿಷರು, ಇಬ್ಬರು ಡಚ್ಚರು ಆ ಗುಂಪಿನಲ್ಲಿದ್ದರು. ಮುಂದಿನ ವರ್ಷ ಅವರಿಗೆ ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ ಅವರು ನಿರ್ದೋಷಿಗಳೆಂದು ತೀರ್ಮಾನವಾದದ್ದು 2002ರ ನವೆಂಬರಿನಲ್ಲಿ. ಯಾವ ಲಾಭವೂ ಇಲ್ಲದೆ, ಕೇವಲ ಪ್ರೀತಿಯಿಂದ ಒಬ್ಬ ಮನುಷ್ಯ ಸಂಖ್ಯೆಗಳನ್ನು ಬರೆದುಕೊಂಡಾನು ಎಂಬುದನ್ನು ನಂಬಲು ಅಲ್ಲಿನ ಅಧಿಕಾರಿಗಳಿಗೆ ಸಾಧ್ಯವಾಗಲಿಲ್ಲ. ಪ್ರೀತಿಯೂ ಬೇಹುಗಾರಿಕೆಯೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತವೆ. ಎರಡಕ್ಕೂ ಬೇಕಾದದ್ದು ಎಡೆಬಿಡದ ಗಮನ.

ಆ ಗಮನದ ಮೊದಲ ಪಾಠ ಕಿವಿಯನ್ನು ನಂಬದಿರುವುದು. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಒಂದು ಕಿಲೋಮೀಟರು ದೂರದ ಜೆಟ್ ವಿಮಾನದ ಮೊರೆತ ನಮ್ಮನ್ನು ಮುಟ್ಟಲು ಮೂರು ಸೆಕೆಂಡು ಬೇಕು. ಗಂಟೆಗೆ 720 ಕಿಲೋಮೀಟರು ವೇಗದ ವಿಮಾನ ಒಂದು ಸೆಕೆಂಡಿನಲ್ಲಿ 200 ಮೀಟರು ಹೋಗುತ್ತದೆಯಾದ್ದರಿಂದ, ಸದ್ದು ಬಂದ ದಿಕ್ಕಿಗೆ ನಾವು ತಲೆಯೆತ್ತುವ ಹೊತ್ತಿಗೆ ಅದು 600 ಮೀಟರು ಮುಂದೆ ಸಾಗಿಬಿಟ್ಟಿರುತ್ತದೆ. ಹೊಸಬರು ನೋಡುವುದು ಖಾಲಿ ಆಕಾಶವನ್ನು. ಅನುಭವಿ ಮಾತ್ರ ಸದ್ದಿಗೆ ಮುನ್ನವೇ ದಿಗಂತದ ಮೇಲೆ ಕಣ್ಣಿಟ್ಟು, ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು ಮೂಡುವುದನ್ನು ಕಾಯುತ್ತಾನೆ. ಎಷ್ಟೋ ಸಲ ಆ ಚುಕ್ಕೆ ಹದ್ದಾಗಿರುತ್ತದೆ. ಹದ್ದುಗಳದ್ದು ಅಲ್ಲಿ ನಗೆಚಾಟಿಕೆಯ ವಿಷಯವೂ ಅಲ್ಲ. ಇಂಜಿನ್ನಿಗೆ ಹಕ್ಕಿ ಸಿಕ್ಕಿದರೆ ವಿಮಾನಕ್ಕೆ ಆಪತ್ತು. ಹದ್ದುಗಳನ್ನು ಸೆಳೆಯುವ ಮಾಂಸದ ಅಂಗಡಿಗಳನ್ನು 2023ರ ಪ್ರದರ್ಶನದ ಕಾಲಕ್ಕೆ ಹತ್ತು ಕಿಲೋಮೀಟರು, 2025ರಲ್ಲಿ 13 ಕಿಲೋಮೀಟರು ಸುತ್ತಳತೆಯಲ್ಲಿ ಮುಚ್ಚಿಸಲಾಯಿತು. ಆಕಾಶದ ಹಳೆಯ ಒಡೆಯನಿಗೂ ಹೊಸ ಒಡೆಯನಿಗೂ ನಡುವೆ ನಗರಪಾಲಿಕೆ ಪಂಚಾಯಿತಿ ಮಾಡಬೇಕಾಗಿ ಬಂದದ್ದು ಹೀಗೆ.

ಎರಡನೆಯ ಪಾಠ ಬೆಳಕಿನದು. ಇಟಗಿಯ ಮಹಾದೇವ ದೇವಾಲಯದ ಚಿತ್ರ ತೆಗೆಯಲು ಬರುವವರನ್ನು ನಾವು ನೋಡಿದ್ದೇವೆ. ಬೆಳಗಿನ ಓರೆ ಬಿಸಿಲು ಗೋಡೆಯ ಮೇಲೆ ಜಾರುವವರೆಗೆ ಅವರು ಕಾಯುತ್ತಾರೆ. ಕಲ್ಲಿನ ಬಳ್ಳಿ, ಕಿರುಗೋಪುರ, ಕೀರ್ತಿಮುಖಗಳು ನೆರಳಿನ ಅಂಚು ಪಡೆದು ಎದ್ದು ಬರುವುದು ಆಗಲೇ. ಮೋಡ ಬಂದರೆ ನಾಳೆ ಬಂದರಾಯಿತು. ಸುಮಾರು ಒಂಬತ್ತು ನೂರು ವರ್ಷ ನಿಂತಿರುವ ಗುಡಿ ಇನ್ನೊಂದು ದಿನ ನಿಂತೀತು. ಅಲ್ಲಿ ವಸ್ತು ಸ್ಥಿರ, ಬೆಳಕು ಚಲಿಸುತ್ತದೆ. ಯಲಹಂಕದಲ್ಲಿ ಎಲ್ಲವೂ ತಿರುಗುಮುರುಗು. ಆ ಹೊತ್ತಿಗೆ ಯಾವ ಬೆಳಕಿದೆಯೋ ಅದೇ ಪ್ರಾಪ್ತಿ. ವಿಮಾನವೇ ಬೆಳಕಿನ ಒಳಗೆ ಬಂದು ಹೊರಗೆ ಹೋಗುತ್ತದೆ. ರೆಕ್ಕೆ ಓರೆಯಾಗಿ ಬಿಸಿಲಿಗೆ ಹೊಳೆಯುವ ಗಳಿಗೆ ಇರುವುದು ಕಣ್ಣು ಮಿಟುಕಿಸುವಷ್ಟು. ಇದಲ್ಲದೆ ಕ್ಯಾಮರಾ ಒಂದು ಮೋಸಕ್ಕೂ ಒಳಗಾಗುತ್ತದೆ. ಚೌಕಟ್ಟಿನ ಬಹುಪಾಲು ಪ್ರಜ್ವಲಿಸುವ ಆಕಾಶವಾದ್ದರಿಂದ, ಬೆಳಕು ಹೆಚ್ಚಾಯಿತೆಂದು ಭ್ರಮಿಸಿ ಅದು ತನ್ನ ಕಣ್ಣನ್ನು ಕಿರಿದು ಮಾಡುತ್ತದೆ. ಫಲವಾಗಿ ವಿಮಾನ ಮಸಿಯ ಗುರುತಾಗುತ್ತದೆ. ಬಲ್ಲವರು ಯಂತ್ರದ ಮಾತು ಮೀರಿ ಒಂದು ಪಾಲು ಬೆಳಕನ್ನು ಹೆಚ್ಚಾಗಿಯೇ ಕೊಡುತ್ತಾರೆ. ಆಗ ಹೊಟ್ಟೆಯ ಕೆಳಗಿನ ಮೊಳೆಗಳ ಸಾಲೂ ಕಾಣುತ್ತದೆ.

ಇದರಲ್ಲಿ ಒಂದು ವಿನೋದವೂ ಇದೆ. ಯುದ್ಧವಿಮಾನಕ್ಕೆ ಬಳಿದ ಬೂದುಬಣ್ಣದ ಉದ್ದೇಶವೇ ಅದು ಕಾಣದಿರಲಿ ಎಂಬುದು. ತೇಜಸ್ ವಿಮಾನ ಮಬ್ಬು ಮುಗಿಲಿನಲ್ಲಿ ಸೇರಿಹೋದರೆ ಬಣ್ಣ ತನ್ನ ಕರ್ತವ್ಯ ಮಾಡಿತೆಂದು ಅರ್ಥ. ಕಾಣಬಾರದೆಂದು ನಿರ್ಮಿಸಿದ ವಸ್ತುವನ್ನು ಕಾಣಿಸಹೊರಟವನು ಈ ಛಾಯಾಗ್ರಾಹಕ. ಇದಕ್ಕೆ ವ್ಯತಿರಿಕ್ತವಾದವು ಕೆಂಪು ಬಿಳಿಯ ಸೂರ್ಯಕಿರಣ್ ತಂಡದ ವಿಮಾನಗಳು, ಮೈಮೇಲೆ ನವಿಲನ್ನು ಬರೆಸಿಕೊಂಡ ಸಾರಂಗ್ ತಂಡದ ಹೆಲಿಕಾಪ್ಟರುಗಳು. ಅವು ನೋಡಲೆಂದೇ ಬಣ್ಣ ಹಚ್ಚಿಕೊಂಡವು.

ಮೂರನೆಯ ಪಾಠಕ್ಕೆ ಬಂದರೆ ನಾನು ಆರಂಭದಲ್ಲಿ ಹೇಳಿದ ಜಗಳದ ಮಧ್ಯಕ್ಕೇ ಬಂದ ಹಾಗೆ. ಕ್ಯಾಮರಾದ ಬಾಗಿಲು ಒಂದು ಸೆಕೆಂಡಿನ ಸಾವಿರದ ಒಂದು ಪಾಲು ಮಾತ್ರ ತೆರೆದು ಮುಚ್ಚಿತೆನ್ನಿ. ಅಷ್ಟರಲ್ಲಿ ಸೆಕೆಂಡಿಗೆ 200 ಮೀಟರು ಹೋಗುವ ಜೆಟ್ ವಿಮಾನ 20 ಸೆಂಟಿಮೀಟರು ಸರಿದಿರುತ್ತದೆ. ಆ ಸರಿದಾಟವೂ ಕಾಣದಂತೆ ಮಾಡಲು ಕ್ಯಾಮರಾವನ್ನು ವಿಮಾನದ ಜೊತೆಗೇ ತಿರುಗಿಸಬೇಕು. ಜೋಳದ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸುವವನನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವನು ಕೈಯೊಂದನ್ನೇ ಆಡಿಸುವುದಿಲ್ಲ, ಸೊಂಟದಿಂದ ಮೇಲಿನ ಇಡೀ ದೇಹ ತಿರುಗುತ್ತದೆ. ಕಲ್ಲು ಕವಣೆ ಬಿಟ್ಟ ಮೇಲೂ ತೋಳು ತನ್ನ ವೃತ್ತವನ್ನು ಮುಗಿಸಿಯೇ ನಿಲ್ಲುತ್ತದೆ. ಗುಂಡಿ ಒತ್ತಿದ ಮೇಲೂ ಕ್ಯಾಮರಾ ಹಾಗೆಯೇ ತಿರುಗುತ್ತ ಹೋಗಬೇಕು. ಒತ್ತಿದೊಡನೆ ನಿಂತರೆ ಚಿತ್ರ ಅಲುಗುತ್ತದೆ.

ಇಷ್ಟು ಸಾಧಿಸಿದ ಮೇಲೆ ತೊಡಕು ಎದುರಾಗುತ್ತದೆ. ಪ್ರೊಪೆಲ್ಲರ್ ಇರುವ ವಿಮಾನವನ್ನು ಸಾವಿರದ ಒಂದು ಪಾಲಿನ ವೇಗದಲ್ಲಿ ತೆಗೆದು ನೋಡಿ. ನಿಮಿಷಕ್ಕೆ 2400 ಸುತ್ತು ತಿರುಗುವ ಪ್ರೊಪೆಲ್ಲರ್ ಅಷ್ಟು ಹೊತ್ತಿನಲ್ಲಿ ತಿರುಗುವುದು ಹದಿನಾಲ್ಕು ಡಿಗ್ರಿಗಿಂತ ತುಸು ಹೆಚ್ಚು. ಚಿತ್ರದಲ್ಲಿ ಅಲಗುಗಳು ನಿಂತೇಬಿಟ್ಟಂತೆ ತೋರುತ್ತವೆ. ಪ್ರತಿಯೊಂದು ಮೊಳೆ, ಪ್ರತಿಯೊಂದು ಅಕ್ಷರ ಸ್ಪಷ್ಟವಾಗಿದೆ. ಆದರೆ ವಿಮಾನ ಮಾತ್ರ ದಾರದಿಂದ ತೂಗುಬಿಟ್ಟ ಆಟಿಕೆಯಾಗಿದೆ. ಪ್ರಾಣ ಹೋದ ಪಕ್ಷಿಗೆ ಹುಲ್ಲು ತುಂಬಿ ನಿಲ್ಲಿಸಿದ ಹಾಗೆ. ಇದಕ್ಕೆ ಪರಿಹಾರವೆಂದರೆ ಬಾಗಿಲನ್ನು ಹೆಚ್ಚು ಹೊತ್ತು, ನೂರಿಪ್ಪತ್ತೈದರ ಒಂದು ಪಾಲಿನಷ್ಟು ಹೊತ್ತು, ತೆರೆದಿಡುವುದು. ಆಗ ಅಲಗು 115 ಡಿಗ್ರಿ ಸುತ್ತುತ್ತದೆ; ಮೂರು ಅಲಗಿನ ಪ್ರೊಪೆಲ್ಲರ್ ಆದರೆ ತೆಳ್ಳನೆಯ ಬೆಳ್ಳಿಯ ತಟ್ಟೆಯಂತೆ ಮೂಡುತ್ತದೆ. ಹೆಲಿಕಾಪ್ಟರಿನ ಮೇಲಿನ ರೆಕ್ಕೆಗಳು ಇನ್ನೂ ನಿಧಾನವಾಗಿ ತಿರುಗುವುದರಿಂದ ಅದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಆದರೆ ಬಾಗಿಲು ಹೆಚ್ಚು ಹೊತ್ತು ತೆರೆದಷ್ಟೂ ಕೈಯ ನಡುಕ ಚಿತ್ರದಲ್ಲಿ ಇಳಿಯುವ ಅಪಾಯ ಹೆಚ್ಚು. ಹತ್ತು ಚಿತ್ರಗಳಲ್ಲಿ ಒಂಬತ್ತು ಹಾಳಾಗಬಹುದು. ಉಳಿದ ಒಂದರಲ್ಲಿ ವಿಮಾನದ ಮೈ ಸ್ಪಷ್ಟವಾಗಿ, ಅಲಗು ಮಸುಕಾಗಿ, ಹಿಂದಿನ ಮರಗಿಡಗಳು ಗೆರೆಗಳಾಗಿ ಹರಿದು, ನಿಂತ ಚಿತ್ರ ಹಾರತೊಡಗುತ್ತದೆ. ಸ್ಪಷ್ಟತೆಯೊಂದೇ ಸತ್ಯವಲ್ಲ ಎಂಬುದನ್ನು ಈ ಹವ್ಯಾಸಿಗಳು ಯಾವ ಕಾವ್ಯಮೀಮಾಂಸೆಯನ್ನೂ ಓದದೆ ಕಂಡುಕೊಂಡಿದ್ದಾರೆ. ಚಲನೆಯ ಸತ್ಯಕ್ಕೆ ಒಂದಿಷ್ಟು ಮಸುಕು ಬೇಕು.

ನಿಂತ ವಸ್ತುವಿನಲ್ಲಿ ಚಲನೆಯನ್ನು ಕಾಣಿಸುವ ಈ ಸಮಸ್ಯೆ ಕ್ಯಾಮರಾದೊಂದಿಗೆ ಹುಟ್ಟಿದ್ದಲ್ಲ. ಇಟಗಿಯ ಮಂಟಪದ ಕಂಬಗಳನ್ನು ನೆನೆಯಿರಿ. ಕಲ್ಯಾಣ ಚಾಲುಕ್ಯರ ಕಾಲದ ಆ ಕುಶಲಿಗಳು ಮೆದುವಾದ ಬಳಪದ ಕಲ್ಲನ್ನು ತಿರುಗಣೆಗೆ ಕೊಟ್ಟು ಕಡೆದರು. ಕಲ್ಲು ತಿರುಗಿತು, ಉಳಿ ನಿಂತಿತು. ಉಳಿ ತಾಗಿದಲ್ಲೆಲ್ಲ ಬಳೆಯಂಥ ಸುತ್ತುಗಳು ಮೂಡಿದವು. ಇಂದು ಕಂಬ ನಿಶ್ಚಲವಾಗಿದೆ. ಆದರೂ ಅದರ ಸುತ್ತುಗಳ ಮೇಲೆ ಕಣ್ಣು ಆಡಿಸಿದಾಗ ಅದು ಈಗಷ್ಟೇ ತಿರುಗಿ ನಿಂತಿತೇನೋ ಎನ್ನಿಸುತ್ತದೆ. ಚಲನೆ ತನ್ನ ಗುರುತನ್ನು ಕಲ್ಲಿನಲ್ಲಿ ಬಿಟ್ಟುಹೋಗಿದೆ. ಪ್ರೊಪೆಲ್ಲರಿನ ಆ ಬೆಳ್ಳಿಯ ತಟ್ಟೆಯೂ ಇಂಥದೇ ಗುರುತು. ವಿಮಾನದ ಇಂಜಿನ್ನಿನ ಭಾಗಗಳನ್ನು ಕಡೆಯುವ ಕಾರ್ಖಾನೆಯ ಲೇತಿಗೂ ಚಾಲುಕ್ಯರ ತಿರುಗಣೆಗೂ ತತ್ತ್ವ ಒಂದೇ ಎಂದು ನೆನೆದಾಗ, ಇಟಗಿಗೂ ಯಲಹಂಕಕ್ಕೂ ನಡುವಿನ ದೂರ ರೈಲಿನ ದೂರಕ್ಕಿಂತ ಕಡಿಮೆಯೆನಿಸುತ್ತದೆ.

ಚಲನೆಯನ್ನು ಉಳಿಸಿದರೆ ಚಿತ್ರ ಸತ್ಯವಾಯಿತೇ? ಅಷ್ಟು ಸುಲಭವಲ್ಲ. ದೂರದ್ದನ್ನು ಹತ್ತಿರಕ್ಕೆ ತರುವ ಮಸೂರಕ್ಕೆ ಒಂದು ದುರ್ಗುಣವಿದೆ. ಅದು ಒಂದರ ಹಿಂದೆ ಒಂದಿರುವ ವಸ್ತುಗಳ ನಡುವಣ ಅಂತರವನ್ನು ನುಂಗಿಬಿಡುತ್ತದೆ. ಎರಡು ವಿಮಾನಗಳು ಎದುರುಬದುರಾಗಿ ಬಂದು ಒಂದನ್ನೊಂದು ದಾಟುವ ವರಸೆ ಪ್ರದರ್ಶನದಲ್ಲಿ ಅತ್ಯಂತ ಜನಪ್ರಿಯ. ಅವೆರಡರ ದಾರಿಗಳ ನಡುವೆ ಅಂತರವಿರುತ್ತದೆ. ಚಿತ್ರದಲ್ಲಿ ಅವು ಮೂಗಿಗೆ ಮೂಗು ತಾಗಿಸಿದಂತೆ ಕಾಣುತ್ತವೆ. ಅಂಥ ಚಿತ್ರಕ್ಕೇ ಚಪ್ಪಾಳೆ ಹೆಚ್ಚು. ನೋಡುವವನ ಎದೆ ಝಲ್ಲೆನ್ನುವುದು ಇಲ್ಲದ ಅಪಾಯಕ್ಕೆ. ಇರುವ ಅಪಾಯ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಒಂಬತ್ತು ವಿಮಾನಗಳು ರೆಕ್ಕೆಯಿಂದ ರೆಕ್ಕೆಗೆ ಐದು ಮೀಟರಿನಷ್ಟೇ ಅಂತರವಿಟ್ಟು ಒಂದೇ ಮೈಯಾಗಿ ಹೊರಳುವಾಗ ಅದು ರಂಗೋಲಿಯಷ್ಟು ಶಾಂತವಾಗಿ ತೋರುತ್ತದೆ. ನಿಜವಾದ ಕಷ್ಟ ಅಲ್ಲಿದೆ.

ಸೂರ್ಯಕಿರಣ್ ತಂಡ ನಮ್ಮ ಭಾಗದ್ದೇ. 1996ರಲ್ಲಿ ಅದು ರೂಪುಗೊಂಡದ್ದು ಬೀದರಿನ ವಾಯುನೆಲೆಯಲ್ಲಿ. ಅದು ಮೊದಲು ಹಾರಿಸಿದ್ದು ಬೆಂಗಳೂರಿನಲ್ಲಿ ವಿನ್ಯಾಸಗೊಂಡು 1964ರಲ್ಲಿ ಮೊದಲು ಗಗನಕ್ಕೇರಿದ ಕಿರಣ್ ತರಬೇತಿ ವಿಮಾನಗಳ ಕುಲದವನ್ನು. 2011ರಲ್ಲಿ ಆ ವಿಮಾನಗಳನ್ನು ತರಬೇತಿಯ ಅಗತ್ಯಕ್ಕಾಗಿ ಹಿಂದಕ್ಕೆ ಪಡೆದಾಗ ತಂಡ ಮರೆಯಾಯಿತು. ಕೆಲವು ವರ್ಷಗಳ ನಂತರ ಹಾಕ್ ವಿಮಾನಗಳೊಡನೆ ಮರಳಿತು. 2019ರ ಫೆಬ್ರುವರಿ 19ರಂದು, ಏರೋ ಇಂಡಿಯಾ ಉದ್ಘಾಟನೆಗೆ ಒಂದು ದಿನ ಮೊದಲು, ಯಲಹಂಕದ ಮೇಲೆ ತಾಲೀಮು ನಡೆಸುತ್ತಿದ್ದ ಈ ತಂಡದ ಎರಡು ವಿಮಾನಗಳು ಒಂದಕ್ಕೊಂದು ತಾಗಿ ಬಿದ್ದವು. ಇಬ್ಬರು ಚಾಲಕರು ಬದುಕಿ ಉಳಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮಡಿದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ವಿಮಾನ ಜನರ ಕಣ್ಣೆದುರಿಗೇ ನೆಲಕ್ಕೆ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು.

ಇಂಥ ಗಳಿಗೆಯಲ್ಲಿ ನೂರಾರು ಕ್ಯಾಮರಾಗಳು ಆಕಾಶದತ್ತ ತೆರೆದಿರುತ್ತವೆ. ಬೆರಳು ಗುಂಡಿಯ ಮೇಲೇ ಇರುತ್ತದೆ. ಆಗ ಛಾಯಾಗ್ರಾಹಕ ಏನು ಮಾಡಬೇಕು? ಆತ ತೆಗೆದ ಚಿತ್ರ ತನಿಖೆಗೆ ನೆರವಾಗಬಹುದು; ಒಂದು ರೆಕ್ಕೆ ಯಾವ ಕೋನದಲ್ಲಿತ್ತು, ಹೊಗೆ ಎಲ್ಲಿಂದ ಎದ್ದಿತು ಎಂಬುದಕ್ಕೆ ಅದು ಸಾಕ್ಷಿ. ಅದೇ ಚಿತ್ರ ಸಂಜೆಯೊಳಗೆ ಊರೂರು ತಿರುಗಿ, ಆ ಮನೆಯವರ ಕಣ್ಣಿಗೂ ಬೀಳುತ್ತದೆ. ಗುಂಡಿ ಒತ್ತುವುದು ತಪ್ಪೆಂದು ನಾನು ಹೇಳಲಾರೆ. ಒತ್ತಿದ ಮೇಲೆ ಆ ಚಿತ್ರವನ್ನು ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ ಎಂಬಲ್ಲಿ ಮನುಷ್ಯನ ಯೋಗ್ಯತೆ ಗೊತ್ತಾಗುತ್ತದೆ. ಸಾಕ್ಷಿಯನ್ನು ತನಿಖೆ ಮಾಡುವವರಿಗೆ ಒಪ್ಪಿಸುವುದು ಬೇರೆ, ಸಾವನ್ನು ಸಂತೆಗೆ ಇಡುವುದು ಬೇರೆ. ವಿಮಾನವನ್ನು ಪ್ರೀತಿಸುವವನಿಗೆ ಅದರ ಗಾಜಿನ ಗುಮ್ಮಟದೊಳಗೆ ಒಂದು ತಲೆ ಇರುತ್ತದೆಂಬುದು ಮರೆಯಬಾರದು. ಒಳ್ಳೆಯ ಹವ್ಯಾಸಿಗಳ ಚಿತ್ರಗಳಲ್ಲಿ ಆ ಶಿರಸ್ತ್ರಾಣ, ಅದು ತಿರುಗಿದ ದಿಕ್ಕು, ಕೆಲವೊಮ್ಮೆ ಜನರತ್ತ ಎತ್ತಿದ ಕೈ ಕಾಣುತ್ತದೆ. ಚಿತ್ರ ಯಂತ್ರದ್ದಾಗಿ ಉಳಿಯದೆ ಮನುಷ್ಯನದಾಗುವುದು ಅಲ್ಲಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಈ ಯಂತ್ರಗಳಲ್ಲಿ ಬಹುಪಾಲು ಕೊಲ್ಲಲು ಮಾಡಿದವು. 2025ರಲ್ಲಿ ರಷ್ಯದ ಸುಖೋಯ್-57, ಅಮೆರಿಕದ ಎಫ್-35 ಒಂದೇ ನೆಲದ ಮೇಲೆ ಬಂದು ನಿಂತಾಗ ಜನ ಮುಗಿಬಿದ್ದು ನೋಡಿದರು. ಅವು ಬಂದದ್ದು ಕೊಳ್ಳುವವರ ಮನ ಸೆಳೆಯಲು. ಅವುಗಳ ಚೆಲುವನ್ನು ಹೊಗಳುವವನು ಯುದ್ಧದ ತುತ್ತೂರಿ ಊದಿದಂತಾಗದೇ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಕತ್ತಿಯ ಹಿಡಿಯ ಮೇಲಿನ ಹೂಬಳ್ಳಿಯನ್ನು ಮೆಚ್ಚುವವನು ಅದರ ಅಲಗನ್ನೂ ನೋಡಬೇಕು. ವಿಮಾನದ ಚೆಲುವು ಹೂಬಳ್ಳಿಯಂತೆ ಮೇಲೆ ಹಚ್ಚಿದ್ದಲ್ಲವೆಂಬುದೂ ನಿಜ. ಗಾಳಿ ಕೇಳಿದ ಆಕಾರವನ್ನಷ್ಟೇ ಅದು ತಳೆದಿದೆ. ಬೂದುಬಣ್ಣವನ್ನೂ ರೆಕ್ಕೆಯ ಕೆಳಗೆ ನೇತಾಡುವ ಸಿಡಿತಲೆಯನ್ನೂ ಅಂದಕ್ಕೆ ಅಡ್ಡಿಯೆಂದು ಚೌಕಟ್ಟಿನಿಂದ ಹೊರಗಿಡದೆ ತೋರಿಸುವ ಚಿತ್ರವನ್ನು ನಾನು ಹೆಚ್ಚು ನಂಬುತ್ತೇನೆ. ಮುಚ್ಚಿಡುವ ಚಿತ್ರ ಜಾಹೀರಾತಾಗುತ್ತದೆ.

ಹಾಗಾದರೆ ಈ ಹವ್ಯಾಸದಿಂದ ಸಮಾಜಕ್ಕೆ ಉಳಿಯುವುದೇನು? ಉತ್ತರಕ್ಕಾಗಿ ಮತ್ತೆ ಇಟಗಿಯ ಕಡೆ ನೋಡೋಣ. ಆ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದನೆಂದೂ ಅದಕ್ಕೆ ದೇವಾಲಯ ಚಕ್ರವರ್ತಿಯೆಂಬ ಬಿರುದಿತ್ತೆಂದೂ ನಮಗೆ ತಿಳಿದಿರುವುದು ಅಲ್ಲಿನ ಶಾಸನದಿಂದ. ಶಾಸನವಿರದಿದ್ದರೆ ಶಿಲ್ಪ ಇಷ್ಟೇ ಚೆಲುವಾಗಿರುತ್ತಿತ್ತು; ಆದರೆ ಕಟ್ಟಿಸಿದವನ ಹೆಸರಿಲ್ಲದೆ, ಇಸವಿಯಿಲ್ಲದೆ, ವಿದ್ವಾಂಸರ ಊಹೆಗೆ ಬಿಟ್ಟ ಅನಾಥ ಚೆಲುವಾಗಿರುತ್ತಿತ್ತು. ಹವ್ಯಾಸಿಯ ಜೇಬಿನ ಚಿಕ್ಕ ಪುಸ್ತಕಕ್ಕೆ ಬೆಲೆ ಬರುವುದು ಇಲ್ಲಿ. ದಿನಾಂಕ, ಸ್ಥಳ, ವಿಮಾನದ ಜಾತಿ, ಬಾಲದ ಸಂಖ್ಯೆ, ಈ ನಾಲ್ಕು ವಿವರಗಳು ಚಿತ್ರದ ಶಾಸನ. ಅವಿಲ್ಲದ ಚಿತ್ರವನ್ನು ಐವತ್ತು ವರ್ಷಗಳ ನಂತರ ನೋಡಿದವರು ಯಾವುದೋ ಒಂದು ವಿಮಾನ ಎಂದು ಬದಿಗಿಡುತ್ತಾರೆ.

ಐವತ್ತು ವರ್ಷವೇನೂ ದೂರವಲ್ಲ. ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಮಾರುತ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಇಂದು ಅದನ್ನು ನೋಡಬೇಕೆಂದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳಕ್ಕೆ ಹೋಗಬೇಕು. ಅಲ್ಲಿ ಅದು ನಿಂತಿದೆ. ಹಾರುವ ಮಾರುತವನ್ನು ಕಾಣಬೇಕಾದರೆ ಯಾರೋ ಎಂದೋ ತೆಗೆದ ಚಿತ್ರವೇ ಗತಿ. 1963ರಲ್ಲಿ ನಮ್ಮ ಸೇನೆ ಸೇರಿದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು. ಕೆಲವು ಗೈರುಹಾಜರಿಗಳೂ ಚರಿತ್ರೆಯೇ. 2025ರ ಜನವರಿಯ ಅಪಘಾತದ ನಂತರ ಧ್ರುವ ಹೆಲಿಕಾಪ್ಟರುಗಳ ಹಾರಾಟ ನಿಂತದ್ದರಿಂದ ಆ ಸಲದ ಏರೋ ಇಂಡಿಯಾದಲ್ಲಿ ಸಾರಂಗ್ ತಂಡದ ನವಿಲುಗಳು ಕುಣಿಯಲಿಲ್ಲ. ಪ್ರತಿ ಆವೃತ್ತಿಯ ಚಿತ್ರಗಳನ್ನು ಶಾಸನಸಮೇತ ಜೋಡಿಸಿಟ್ಟವನ ಪೆಟ್ಟಿಗೆಯಲ್ಲಿ ಆ ಖಾಲಿ ಜಾಗವೂ ಮಾತನಾಡುತ್ತದೆ.

ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಪ್ರತಿಯೊಂದಕ್ಕೂ ಹಣ ತೆರಬೇಕಾಗಿದ್ದ ಆ ದಿನಗಳಲ್ಲಿ ಬೆರಳು ಹಿಂಜರಿಯುತ್ತಿತ್ತು, ಚಿತ್ರದ ಹಿಂಭಾಗದಲ್ಲಿ ಶಾಯಿಯಿಂದ ತಾರೀಖು ಬರೆಯುವಷ್ಟು ವ್ಯವಧಾನವೂ ಇರುತ್ತಿತ್ತು. ಈಗಿನ ಕ್ಯಾಮರಾ ಒಂದು ಸೆಕೆಂಡಿನಲ್ಲೇ ಹತ್ತಿಪ್ಪತ್ತು ಚಿತ್ರಗಳನ್ನು ಹೆರುತ್ತದೆ. ಒಂದು ದಿನಕ್ಕೆ ಮೂರು ಸಾವಿರ ಚಿತ್ರಗಳನ್ನು ಹೊತ್ತು ಮನೆಗೆ ಬಂದವನಿಗೆ ಅವನ್ನು ನೋಡುವುದಕ್ಕೇ ಪುರಸೊತ್ತಿಲ್ಲ. ರಾಶಿ ಮಾಡಿದವನು ತೂರಲೂ ಬೇಕು; ಹೊಟ್ಟು ಹಾರಿಹೋಗಿ ಕಾಳು ನಿಲ್ಲುವವರೆಗೆ ಕಣದ ಕೆಲಸ ಮುಗಿಯದು. ಮೂರು ಸಾವಿರದಲ್ಲಿ ಮೂವತ್ತನ್ನು ಉಳಿಸಿ ಆ ಮೂವತ್ತರ ವಿವರ ಬರೆದಿಡುವವನೇ ಮುಂದಿನವರಿಗೆ ಉಪಕಾರಿ.

ತೆಗೆಯುವುದು, ಹೊಡೆಯುವುದು, ಸೆರೆಹಿಡಿಯುವುದು ಎಂಬ ಮೂರು ಕ್ರಿಯಾಪದಗಳಿಂದ ಮಾತು ಆರಂಭಿಸಿದೆ. ಹಿರಿಯರು ಬಳಸಿದ ಛಾಯಾಗ್ರಹಣವೆಂಬ ಮಾತನ್ನು ಅಲ್ಲಿ ಹೇಳದೆ ಉಳಿಸಿಕೊಂಡಿದ್ದೆ. ಗ್ರಹಣವೆಂದರೆ ಹಿಡಿಯುವುದು ಹೌದು. ಸೂರ್ಯನಿಗೆ ಹಿಡಿಯುವ ಕತ್ತಲೆಯೂ ಅದೇ ಹೆಸರಿನದು. ಆದರೆ ಪಾಠವನ್ನು ಗ್ರಹಿಸುವುದು, ಮಾತಿನ ಅರ್ಥವನ್ನು ಗ್ರಹಿಸುವುದು ಎನ್ನುವಾಗ ಅದೇ ಪದ ತಿಳಿಯುವುದು, ಬರಮಾಡಿಕೊಳ್ಳುವುದು ಎಂಬ ಅರ್ಥವನ್ನೂ ಹೊರುತ್ತದೆ. ವಿಮಾನ ಯಾರ ಸೆರೆಗೂ ಸಿಗದು. ಚಿತ್ರ ತೆಗೆದಾದ ಮೇಲೂ ಅದು ತನ್ನ ಪಾಡಿಗೆ ಹಾರಿಹೋಗುತ್ತದೆ. ನಮಗೆ ದಕ್ಕುವುದು ಅದು ಬಿಟ್ಟುಹೋದ ಛಾಯೆ. ಅದರ ವೇಗವನ್ನೂ ಅದರೊಳಗಿನ ಮನುಷ್ಯನನ್ನೂ ಅದರ ಕೆಲಸವನ್ನೂ ಮರೆಯದೆ ಆ ಛಾಯೆಯನ್ನು ಬರಮಾಡಿಕೊಂಡು, ಇಂಥ ದಿನ, ಇಂಥ ಕಡೆ, ಇಂಥ ವಿಮಾನ ಎಂದು ಕೆಳಗೆ ಒಂದು ಸಾಲು ಬರೆದಿಟ್ಟರೆ, ಹವ್ಯಾಸಿ ತನ್ನ ಕಾಲದ ಋಣವನ್ನು ಸಲ್ಲಿಸಿದಂತೆಯೇ ಸರಿ.